ಗೇರ್ ಬೀಳದಿದ್ದರೆ ಸರ್ವೊವನ್ನು ದೂರಬೇಡಿ

ಪ್ರಶ್ನೆ: ಸುಮಾರು 55 ಕಿಲೊ ತೂಕದ ನಮ್ಮ ರೋಬೊಗೆ ಎರಡು ವೇಗದ, ಡಾಗ್ (ಪಕ್ಕಕ್ಕೆ ಸರಿದು ಗೇರಿಗೆ ಸಿಕ್ಕಿಕೊಳ್ಳುವ ಹಲ್ಲಿನ ಬಳೆ) ಇರುವ ಗೇರ್‌ಬಾಕ್ಸ್ ಮಾಡಿದ್ದೇವೆ. ಓಡುವಾಗ ಗೇರ್ ಬೀಳುವುದೇ ಇಲ್ಲ, ಗೇರ್ ಬದಲಿಸುವ ಎರಡು ಸರ್ವೊ (ಹೇಳಿದಷ್ಟೇ ತಿರುಗಿ ನಿಲ್ಲುವ ಪುಟ್ಟ ಮೋಟಾರ್) ಸುಟ್ಟಿವೆ. ಇನ್ನೂ ದೊಡ್ಡ ಸರ್ವೊ ಹಾಕಬೇಕೆ?

ಉತ್ತರ: ಬೇಡ, ಅದೂ ಸುಡುತ್ತದೆ. ಸ್ಪರ್ಧೆ ಹತ್ತಿರ ಬಂದಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ; ನೀವು ಕಳುಹಿಸಿದ ಚಿತ್ರದಲ್ಲಿಯೂ ಸರ್ವೊ ಮತ್ತು ಡಾಗನ್ನು ಸರಿಸುವ ಕವಲಾದ ಶಿಫ್ಟ್ ಫೋರ್ಕ್ ನಡುವೆ ಅದೇ ಬಿಗಿಯಾದ ಸರಳಿದೆ. ಡಾಗಿನ ಹಲ್ಲು ಗೇರಿನ ಸಂದಿಗೆ ಎದುರಾಗದೆ ಹಲ್ಲಿಗೆ ಹಲ್ಲು ತಾಗಿ ನಿಂತರೆ ಫೋರ್ಕ್ ಮುಂದೆ ಸರಿಯಲಾರದು, ಸರ್ವೊ ಮಾತ್ರ ತಿಣುಕುತ್ತಲೇ ಇರುತ್ತದೆ. ನಡುವೆ ಒಂದು ಸ್ಪ್ರಿಂಗ್ ಇಡಿ. ಸರ್ವೊ ತನ್ನ ದೂರವನ್ನು ಪೂರ್ತಿ ಸರಿದು, ಸ್ಪ್ರಿಂಗನ್ನು ಅದುಮಿಟ್ಟು ಸುಮ್ಮನಾಗಲಿ. ಗೇರ್ ತುಸು ತಿರುಗಿ ಸಂದಿ ಎದುರಾದೊಡನೆ ಸ್ಪ್ರಿಂಗೇ ಡಾಗನ್ನು ಒಳಕ್ಕೆ ತಳ್ಳುತ್ತದೆ. ಗಾಳಿಯ ಸಿಲಿಂಡರ್ ಬಳಸುವವರಿಗೆ ಈ ತೊಂದರೆ ಕಾಣದಿರುವುದು ಅಲ್ಲಿ ಗಾಳಿಯೇ ಸ್ಪ್ರಿಂಗಿನ ಕೆಲಸ ಮಾಡುವುದರಿಂದ.

ಚಿತ್ರವನ್ನು ಹಿಗ್ಗಿಸಿದರೆ ಡಾಗಿನ ಹಲ್ಲುಗಳ ಮೂಲೆಗಳು ಸವೆದು, ಹೊಳಪೇರಿ, ದುಂಡಾಗಿರುವುದು ಕಾಣುತ್ತದೆ. 12 ಹಲ್ಲು, ಕೂದಲೆಳೆಯಷ್ಟು ಸಡಿಲ. ಓಡುವ ಗೇರಿನ ಅಂಥ ಸಂದಿಗೆ ಡಾಗ್ ನುಗ್ಗಲು ಸಮಯವೆಲ್ಲಿದೆ? ಹಲ್ಲುಗಳನ್ನು 6ಕ್ಕೆ ಇಳಿಸಿ, ಸಂದಿಗಳನ್ನು ಅಗಲಿಸಿ, ತಾಗುವ ಮುಖಗಳಿಗೆ 2–3 ಡಿಗ್ರಿ ಒಳ ಓರೆ ಕೊಡಿ. ಆಗ ಹೊರೆ ಬಿದ್ದಷ್ಟೂ ಡಾಗ್ ಒಳಕ್ಕೇ ಎಳೆದುಕೊಳ್ಳುತ್ತದೆ. ಬೈಕಿನ ಗೇರ್‌ಬಾಕ್ಸ್ ಬಿಚ್ಚಿದವರು ಈ ಓರೆಯನ್ನು ನೋಡಿರುತ್ತಾರೆ. ಆದರೆ ಅದೇ ಕಾರಣಕ್ಕೆ ಹೊರೆಯಿರುವಾಗ ಅದು ಹೊರಬರಲು ಒಪ್ಪುವುದಿಲ್ಲವಾದ್ದರಿಂದ, ಗೇರ್ ಬದಲಿಸುವ ಹೊತ್ತಿಗೆ ಮೋಟಾರಿನ ಶಕ್ತಿಯನ್ನು ಕ್ಷಣಕಾಲ ತಗ್ಗಿಸುವಂತೆ ಪ್ರೋಗ್ರಾಂ ಬರೆಯಬೇಕು. ಇಳಿಜಾರಿನಲ್ಲಿ ಗೇರ್ ಬದಲಿಸಲು ನಾನಂತೂ ಯಾರಿಗೂ ಬಿಡುವುದಿಲ್ಲ. ನ್ಯೂಟ್ರಲ್‌ನಲ್ಲಿ ಸಿಕ್ಕಿಬಿದ್ದು ಉರುಳಿ ಬಂದ ಬಂಡಿಯೊಂದನ್ನು ಮೊಣಕಾಲು ಕೊಟ್ಟು ತಡೆದವನು ನಾನು.

ಮೈಲ್ಡ್ ಸ್ಟೀಲ್ ಡಾಗನ್ನು ಕೆಂಪಗೆ ಕಾಯಿಸಿ ಹಳೆಯ ಎಂಜಿನ್ ಆಯಿಲ್‌ಗೆ ಅದ್ದಿದರೆ ಗಟ್ಟಿಯಾಗುತ್ತದೆಂದು ಲೇತ್‌ನವರು ಹೇಳಿದರಂತೆ. ಕಪ್ಪಾಗುತ್ತದೆ, ಅಷ್ಟೆ. ಗಟ್ಟಿಯಾಗಲು ಬೇಕಾದಷ್ಟು ಇಂಗಾಲ ಆ ಉಕ್ಕಿನಲ್ಲಿಲ್ಲ. ಇಎನ್ 24 ಎಂಬ, ಹದ ಮಾಡಿದರೆ ಗಟ್ಟಿಯಾಗುವ ಉಕ್ಕು ತಂದು, ಹೀಟ್ ಟ್ರೀಟ್‌ಮೆಂಟ್ ಬಲ್ಲವರಿಂದಲೇ ಹದ ಮಾಡಿಸಿ.

ಪ್ರಶ್ನೆ: ಮೂರನೆಯ ಗೇರ್ ಸೇರಿಸಿದರೆ ಶಕ್ತಿ ಹೆಚ್ಚುವುದೇ?

ಉತ್ತರ: ಇಲ್ಲ. ಹೆಚ್ಚುವುದು ತೂಕ.

ಪ್ರಶ್ನೆ: ಕೆಳ ಗೇರಿನ ಅನುಪಾತ ಎಷ್ಟಿರಬೇಕು?

ಉತ್ತರ: ಗೋಡೆಗೆ ಒತ್ತಿ ನಿಲ್ಲಿಸಿ ಪೂರ್ತಿ ಶಕ್ತಿ ಕೊಟ್ಟಾಗ, ವಿದ್ಯುತ್ ಕಡಿಯುವ ಬ್ರೇಕರ್ ಬೀಳುವ ಮೊದಲೇ ಚಕ್ರ ಜಾರುವಷ್ಟು. ಲೆಕ್ಕಕ್ಕೆ ಚಕ್ರದ ರಬ್ಬರಿನ ಘರ್ಷಣಾಂಕ (ಅದು ನೆಲವನ್ನು ಎಷ್ಟು ಹಿಡಿಯುತ್ತದೆಂಬ ಅಳತೆ) ಬೇಕು. ಅದನ್ನು ಅಳೆಯದೆ ನನಗೆ ಬರೆಯಬೇಡಿ.

ಪ್ರಶ್ನೆ: ದುಬಾರಿ ಗ್ರೀಸ್ ಹಚ್ಚಿದರೆ ಗೇರ್ ಸಲೀಸಾಗಿ ಬೀಳುವುದೇ?

ಉತ್ತರ: ಮೊದಲು ಸ್ಪ್ರಿಂಗ್ ಹಾಕಿ.