ಸ್ಪ್ರಿಂಗ್ ಬಿಡಿ, ಮೊದಲು ನಳಿಗೆ ನೋಡಿ

ವಿರಾಜಪೇಟೆಯ ಗೆಳೆಯರೇ, ಪ್ಲಾಸ್ಟಿಕ್ ಗುಂಡು ಹಾರಿಸುವ ನಿಮ್ಮ 1/16 ಅಳತೆಯ ಆಟಿಕೆ ರಿಮೋಟ್ ಟ್ಯಾಂಕ್ ಮೂರು ಮೀಟರ್ ದೂರದ ಡಬ್ಬಿಗೂ ಗುರಿ ತಪ್ಪುತ್ತಿದೆ, ಗುಂಡು ತಳ್ಳುವುದಕ್ಕೆ ಇನ್ನೂ ಗಟ್ಟಿ ಸ್ಪ್ರಿಂಗ್ ಹಾಕಲೇ ಅಂತ ಕೇಳಿದ್ದೀರಿ. ಬೇಡ. ವೇಗ ಜಾಸ್ತಿಯಾಗುತ್ತದೆ, ಗುರಿ ಸರಿಹೋಗುವುದಿಲ್ಲ. ನಾನು ಹಾಕಿ ಗೇರ್ ಹಲ್ಲು ಉದುರಿಸಿಕೊಂಡಿದ್ದೇನೆ.

ಮಡಿಕೇರಿಯ ಸನ್ನಿ ಸೈಡ್‌ನಲ್ಲಿರುವ (ಜನರಲ್ ತಿಮ್ಮಯ್ಯ ಮ್ಯೂಸಿಯಂ) ಟಿ-55 ಯುದ್ಧ ಟ್ಯಾಂಕ್ ನೋಡಿರುತ್ತೀರಿ ಅಲ್ವಾ? ಆ ಜಾತಿಯ ಟ್ಯಾಂಕಿನ 100 ಮಿ.ಮೀ. ತೋಪಿನೊಳಗೆ ಸುರುಳಿ ಗೆರೆಗಳಿರುತ್ತವೆ, ಗುಂಡು ತಿರುಗುತ್ತಾ ನೇರ ಹೋಗುತ್ತದೆ. ನಮ್ಮ ಆಟಿಕೆಯಲ್ಲಿ ಅದಿಲ್ಲ. ಸಡಿಲ ನಳಿಗೆಯಲ್ಲಿ 6 ಮಿ.ಮೀ. ಪ್ಲಾಸ್ಟಿಕ್ ಗುಂಡು ಗೋಡೆಗೆ ಬಡಿಯುತ್ತಾ ಬರುತ್ತದೆ. ಕೊನೆಗೆ ಎಲ್ಲಿ ತಾಗಿತೋ, ಅದರ ಎದುರು ದಿಕ್ಕಿಗೆ ಹಾರುತ್ತದೆ. ಏರ್‌ಸಾಫ್ಟ್ ಕೋವಿಗಳಿಗೆ (ಇಂಥದೇ ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಕೋವಿಗಳು) ಸಿಗುವ, ಒಳವ್ಯಾಸ 6.03 ಮಿ.ಮೀ. ಇರುವ ಹಿತ್ತಾಳೆ ನಳಿಗೆ ತರಿಸಿ, ಅಳತೆಗೆ ಕತ್ತರಿಸಿ. ಕತ್ತರಿಸಿದ ತುದಿಯ ಒಳಅಂಚನ್ನು ನಯವಾಗಿ ಉಜ್ಜಲೇಬೇಕು. ಅಲ್ಲಿ ಕೂದಲೆಳೆಯಷ್ಟು ಮುಳ್ಳು ಉಳಿದರೂ ಮಾಡಿದ್ದೆಲ್ಲ ದಂಡ. ಹೊರಗಿನ ತೋಪಿನೊಳಗೆ ಅದು ಅಲುಗಾಡದಂತೆ ಎರಡು ಕಡೆ ಟೇಪ್ ಸುತ್ತಿ.

ಗುಂಡು 0.12 ಗ್ರಾಂನದ್ದಾದರೆ 0.20ಕ್ಕೆ ಬದಲಿಸಿ. ಸ್ವಲ್ಪ ಬೇಗ ಕೆಳಗಿಳಿಯುತ್ತದೆ, ಆದರೆ ಗಾಳಿಗೆ ಅಷ್ಟು ಓಲಾಡುವುದಿಲ್ಲ. ಅಂಗಳದಿಂದ ಹೆಕ್ಕಿದ್ದನ್ನು ಮತ್ತೆ ತುಂಬಬೇಡಿ, ಮಣ್ಣು ನಳಿಗೆಯನ್ನು ಗೀರುತ್ತದೆ.

ನಮ್ಮ ಮಳೆಗಾಲದ ತೇವಕ್ಕೆ ನಳಿಗೆಯನ್ನು ಒಣಬಟ್ಟೆಯಲ್ಲಿ ಒರೆಸಿ, ಒಂದು ಹನಿ ಸಿಲಿಕೋನ್ ಎಣ್ಣೆ ಸಾಕು. ಹೊಲಿಗೆ ಮೆಷಿನ್ ಎಣ್ಣೆ ರಬ್ಬರ್ ವಾಷರ್ ಹಾಳುಮಾಡುತ್ತದೆ.

ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೋದ್‌ಗೆ ಇದರಲ್ಲೇ ತೆಂಗಿನಕಾಯಿಗೆ ಗುರಿಯಿಡುವ ಆಸೆ ಇದ್ದರೆ ಸುಮ್ನೆ ಬಿಟ್ಟುಬಿಡಿ, ಗುರಿಗೆ ಬೆಂಕಿಪೊಟ್ಟಣ ಸಾಕು. ಕಣ್ಣಿಗೆ ಕನ್ನಡಕ ಮಾತ್ರ ಮರೆಯಬೇಡಿ.