ಇರಾನಿನ ರಾಜರ ಕಥೆ ಹೇಳೋ ಕಾವ್ಯ ಶಾಹ್‌ನಾಮಾದ ಹಳೇ ಹಾಳೆಯೊಂದು 60 ಸಾವಿರಕ್ಕೆ ಸಿಗ್ತಿದೆ, ಅಸಲಿ ಅಂತ ಹೇಗೆ ತಿಳಿಯೋದು?

ತಗೋಬೇಡಿ. ನಕಲಿ ಆದರೂ ಬೇಡ, ಅಸಲಿ ಆದರೂ ಬೇಡ. ಕುದುರೆ ಸವಾರರು, ನೀಲಿ ಬೆಟ್ಟ, ಚಿನ್ನದ ಆಕಾಶ, ಹುಳ ತಿಂದ ಕಾಗದ ಅಂತ ನೀವು ಬರೆದದ್ದು ಓದುತ್ತಿದ್ದ ಹಾಗೇ ನನಗೆ 2016 ನೆನಪಾಯಿತು.

ಕಂಪನಿ ಕೆಲಸದ ಮೇಲೆ ಇಸ್ತಾಂಬುಲ್‌ಗೆ ಹೋಗಿದ್ದೆ. ವಾಪಸ್ ಬರುವ ಹಿಂದಿನ ದಿನ ಹಳೇ ಪುಸ್ತಕದ ಅಂಗಡಿಯೊಂದಕ್ಕೆ ಸುಮ್ನೆ ನುಗ್ಗಿದೆ. ಅಂಗಡಿಯವನು ಚಹಾ ಕೊಟ್ಟ, ಕಪಾಟಿನಿಂದ ಒಂದು ಹಾಳೆ ತೆಗೆದ. ನಾಲ್ಕು ಜನ ಪೋಲೋ ಆಡುತ್ತಿರುವ ಚಿತ್ರ. ಮೇಲೆ ಕೆಳಗೆ ಕಪ್ಪು ಮಸಿಯ ಬರಹ. ಇರಾನಿನದು, ಶಾಹ್‌ನಾಮಾ, 16ನೇ ಶತಮಾನ ಅಂದ. ನನ್ನ ಲೆಕ್ಕದಲ್ಲಿ 38 ಸಾವಿರ ರೂಪಾಯಿ ಆಯಿತು. ಚೌಕಾಸಿ ಮಾಡಿ ಗೆದ್ದೆ ಅಂತ ಖುಷಿ ಬೇರೆ!

ನಾನೇನು ಕಣ್ಣುಮುಚ್ಚಿ ತಗೊಂಡಿರಲಿಲ್ಲ. ಕಾಗದ ಮುಟ್ಟಿ ನೋಡಿದೆ. ನಿಜವಾಗಿಯೂ ಹಳೇದು. ಹುಳದ ತೂತು ನಿಜ, ನೀರಿನ ಕಲೆ ನಿಜ. ಹಾಗಾದರೆ ಚಿತ್ರವೂ ಹಳೇದೇ ಅಂದುಕೊಂಡೆ. ಯಾರಿಗೂ ಬೇಡವಾದ ಹಳೇ ಪುಸ್ತಕದ ಹಾಳೆ ಹರಿದು, ಅದರ ಮೇಲೆ ಮೊನ್ನೆ ಮೊನ್ನೆ ಚಿತ್ರ ಬರೆದು ಪ್ರವಾಸಿಗರಿಗೆ ಮಾರುತ್ತಾರೆ ಅಂತ ಆಗ ಗೊತ್ತಿರಲಿಲ್ಲ.

ಆದರೆ ನನ್ನ ನಿಜವಾದ ತಪ್ಪು ಅದಲ್ಲ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಕುದುರೆಯ ಹೊಟ್ಟೆಯ ಒಳಗೆ ಅಕ್ಷರ ಕಂಡವು. ಕಂಡವು ಅಂದರೆ, ಸ್ಪಷ್ಟವಾಗಿ ಕಂಡವು. ಹಿಂಬದಿಯ ಬರಹ ಈ ಕಡೆಗೆ ಕಾಣುತ್ತಿದೆ ಅಂದುಕೊಂಡೆ. ಈಗ ಯೋಚನೆ ಮಾಡಿ: ಹಿಂಬದಿಯ ಅಕ್ಷರ ಆಗಿದ್ದರೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರಬೇಕಲ್ವಾ? ಇವು ನೆಟ್ಟಗಿದ್ದವು. ನನಗೆ ಆ ಲಿಪಿ ಓದೋಕೆ ಬರಲ್ಲ. ನೆಟ್ಟಗಿರೋದು ಯಾವುದು, ತಿರುಗಿರೋದು ಯಾವುದು ಅಂತ ಹೊಳೆಯಲೇ ಇಲ್ಲ. ಲಿಪಿ ಬರಬೇಕಂತಲೂ ಇರಲಿಲ್ಲ. ಮೊಬೈಲಿನಲ್ಲಿ ಹಿಂಬದಿಯ ಫೋಟೋ ತೆಗೆದು, ಎಡಬಲ ತಿರುಗಿಸಿ, ಕುದುರೆ ಹೊಟ್ಟೆಯ ಅಕ್ಷರದ ಪಕ್ಕ ಇಟ್ಟಿದ್ದರೆ ಮುಗೀತಿತ್ತು. ಎರಡು ನಿಮಿಷದ ಕೆಲಸ. ಫೋನು ಕೈಯಲ್ಲೇ ಇತ್ತು, ಅದರಲ್ಲಿ ನಾನು ಆ ಅಂಗಡಿಯ ಬೆಕ್ಕಿನ ಫೋಟೋ ತೆಗೆಯುತ್ತಿದ್ದೆ.

ಆ ಅಕ್ಷರ ಯಾಕೆ ಅಷ್ಟು ಮುಖ್ಯ ಅಂದರೆ, ರಾಜರ ಪುಸ್ತಕಶಾಲೆಗಳಲ್ಲಿ ಮೊದಲು ಕೂರುತ್ತಿದ್ದವನು ಬರಹಗಾರ. ಅವನು ಚಿತ್ರಕ್ಕೆ ಜಾಗ ಖಾಲಿ ಬಿಟ್ಟು ಬರೆಯುತ್ತಿದ್ದ. ಚಿತ್ರಗಾರ ಬರುತ್ತಿದ್ದದ್ದು ಆಮೇಲೆ. ಹಾಗಾಗಿ ಬಣ್ಣದ ಕೆಳಗೆ ಕಥೆಯ ಸಾಲು ಹೂತುಹೋಗಿರಲು ಕಾರಣವೇ ಇಲ್ಲ. ಇನ್ನೊಂದು, ಶಾಹ್‌ನಾಮಾ ಪದ್ಯ. ಫಿರ್ದೌಸಿ 1010ರಲ್ಲಿ ಮುಗಿಸಿದ, ಸುಮಾರು 50 ಸಾವಿರ ದ್ವಿಪದಿಗಳ ಕಾವ್ಯ. ರಾಜರಿಗೆ ಮಾಡಿದ ಪ್ರತಿಗಳಲ್ಲಿ ಅದನ್ನು ಸಾಮಾನ್ಯವಾಗಿ ನಾಲ್ಕು ಕಂಬಸಾಲುಗಳಲ್ಲಿ, ನಡುವೆ ಗೆರೆ ಎಳೆದು ಬರೆಯುತ್ತಿದ್ದರು. ನನ್ನ ಹಾಳೆಯಲ್ಲಿ ಬರಹ ಈ ಅಂಚಿನಿಂದ ಆ ಅಂಚಿಗೆ ಗದ್ಯದ ಹಾಗೆ ಓಡುತ್ತಿತ್ತು.

ಕಲಬುರಗಿಯಲ್ಲಿ ನಮ್ಮ ಮನೆ ಪಕ್ಕ ಒಬ್ಬರು ನಿವೃತ್ತ ಉರ್ದು ಮೇಷ್ಟ್ರು ಇದ್ದಾರೆ. ಅರಬ್ಬಿಯೂ ಬರುತ್ತೆ. ಫ್ರೇಮ್ ಹಾಕಿಸುವ ಮುಂಚೆ ಜಂಬದಿಂದ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದರು, ನನ್ನ ಮುಖ ನೋಡಿದರು, ಮತ್ತೆ ಓದಿದರು.

“ಇದು ಶಾನಾಮಾ ಎಲ್ಲಿ ಐತಪ? ನಮಾಜಿಗೆ ಮುಂಚೆ ಕೈಕಾಲು ಹೆಂಗ ತೊಳ್ಕೋಬೇಕು ಅಂತ ಅರಬ್ಬಿಯೊಳಗ ಬರದಾರ.”

“ಮತ್ತೆ ಈ ಕುದುರೆ, ಚಾಚಾ?”

“ಕುದ್ರಿ ಅವರ ಕೈಕಾಲು ತುಳ್ಯಾಕ ಹತ್ತೈತಿ ನೋಡು.”

ಅದಕ್ಕೇ ಹೇಳುತ್ತಿದ್ದೇನೆ: ಚಿತ್ರ ನೋಡಬೇಡಿ, ಬರಹ ಓದಿಸಿ. ಬಣ್ಣ, ಕಾಗದ, ಚಿನ್ನ ಎಲ್ಲ ಆಮೇಲೆ.

ನಿಮ್ಮದು ಅಸಲಿಯೇ ಆಗಿದ್ದರೆ? ಆಗ ನನಗೆ ಇನ್ನೂ ಜಾಸ್ತಿ ತಕರಾರಿದೆ. ಮಾರುವವನು ನಿಮಗೆ ಹೇಳಿರುವಂತೆ ಅದು 16ನೇ ಶತಮಾನದ ಇರಾನಿನ ದೊರೆ ಶಾಹ್ ತಹಮಾಸ್ಪ್‌ನ ಪುಸ್ತಕದ್ದು ಅನ್ನೋದನ್ನು ಮೊದಲು ಮರೆತುಬಿಡಿ. ಅದರ ಒಂದು ಹಾಳೆ 2011ರಲ್ಲಿ ಲಂಡನ್ ಹರಾಜಿನಲ್ಲಿ 74 ಲಕ್ಷ ಪೌಂಡ್‌ಗೂ ಜಾಸ್ತಿಗೆ ಹೋಯಿತು. 759 ಹಾಳೆ, 258 ಚಿತ್ರಗಳಿದ್ದ ಆ ಪುಸ್ತಕವನ್ನು ತಹಮಾಸ್ಪ್ ಒಟ್ಟೋಮನ್ ಸುಲ್ತಾನ ಎರಡನೇ ಸಲೀಮನಿಗೆ ಉಡುಗೊರೆ ಕೊಟ್ಟ. ಸುಮಾರು 400 ವರ್ಷ ಅದು ಇಡಿಯಾಗೇ ಇತ್ತು. 1959ರಲ್ಲಿ ಅಮೆರಿಕದ ಆರ್ಥರ್ ಹೌಟನ್ ಕೊಂಡು, ಬಿಚ್ಚಿ ಹಂಚಿದ. 78 ಚಿತ್ರ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂಗೆ ಹೋದವು, ಎಷ್ಟೋ ಒಂದೊಂದಾಗಿ ಮಾರಾಟವಾದವು. ಕೊನೆಗೆ 1994ರಲ್ಲಿ, ಉಳಿದ 118 ಚಿತ್ರ ಮತ್ತು ರಟ್ಟಿಗೆ ಬದಲಾಗಿ, ಅಮೆರಿಕದ ಆಧುನಿಕ ಕಲಾವಿದ ಡಿ ಕೂನಿಂಗ್ ಬರೆದ ಒಂದು ಹೆಂಗಸಿನ ಚಿತ್ರವನ್ನು ಇರಾನ್ ಕೊಟ್ಟಿತು. ವಿಯೆನ್ನಾ ವಿಮಾನ ನಿಲ್ದಾಣದಲ್ಲಿ ಅದಲು ಬದಲು! ಇದಕ್ಕಿಂತ ಹಳೇ ಇನ್ನೊಂದು ಶಾಹ್‌ನಾಮಾದ ಗತಿ ಇನ್ನೂ ಕೆಟ್ಟದ್ದು. ಎರಡೂ ಕಡೆ ಚಿತ್ರ ಇದ್ದ ಹಾಳೆಗಳನ್ನು ಡೆಮೋಟ್ ಎಂಬ ಪ್ಯಾರಿಸ್ ವ್ಯಾಪಾರಿ ದಪ್ಪದಲ್ಲೇ ಸೀಳಿಸಿ, ಒಂದನ್ನು ಎರಡು ಮಾಡಿ ಮಾರಿದ. ಬಿಡಿ ಹಾಳೆಗೆ ಗಿರಾಕಿ ಇದ್ದಾರೆ ಅಂತ ತಾನೇ ಇದೆಲ್ಲ ನಡೆದದ್ದು? ಹಾಳೆ ಅಸಲಿಯಾದಷ್ಟೂ ಅದನ್ನು ಯಾವುದೋ ಪುಸ್ತಕದಿಂದ ಕಿತ್ತಿರುವ ಸಾಧ್ಯತೆ ಜಾಸ್ತಿ.

ಕಾನೂನಿನ ಮಾತೂ ಇದೆ. ಐತಿಹಾಸಿಕ, ಸಾಹಿತ್ಯಿಕ ಬೆಲೆಯುಳ್ಳ 75 ವರ್ಷ ದಾಟಿದ ಹಸ್ತಪ್ರತಿ ನಮ್ಮ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ನಿಮಗೆ ಮಾರುವವನ ಹತ್ತಿರ ಇದೆಯಾ ಕೇಳಿ, ಮುಖ ನೋಡಿ.

ಗೋಡೆಗೆ ಚಂದದ ಚಿತ್ರ ಬೇಕಿದ್ದರೆ ಹೊಸದನ್ನೇ ತಗೊಳ್ಳಿ. ಇಸ್ಫಹಾನ್‌ನಲ್ಲಿ ಒಂಟೆಯ ಮೂಳೆಯ ಮೇಲೆ ಬರೆಯುವ ಕಲಾವಿದರು ಈಗಲೂ ಇದ್ದಾರೆ. ಈಗ ಬರೆದದ್ದು ಅಂತ ಹೇಳಿಯೇ ಮಾರುತ್ತಾರೆ. ಹಳೇದನ್ನೇ ನೋಡಬೇಕಿದ್ದರೆ ದೊಡ್ಡ ಮ್ಯೂಸಿಯಂಗಳ ಜಾಲತಾಣದಲ್ಲಿ ಬಿಟ್ಟಿ ಸಿಗುತ್ತೆ. ತಹಮಾಸ್ಪ್‌ನ ಆ ಪುಸ್ತಕಕ್ಕೆ ಸುಲ್ತಾನ್ ಮುಹಮ್ಮದ್ ಎಂಬ ಚಿತ್ರಗಾರ ಬರೆದ ‘ಗಯೂಮರ್ತ್‌ನ ಆಸ್ಥಾನ’ ಹುಡುಕಿ, ದೊಡ್ಡದು ಮಾಡಿ, ಬಂಡೆಗಳ ಒಳಗೆ ಅಡಗಿರುವ ಮುಖ ಎಣಿಸುತ್ತಾ ಕೂರಿ. ಹಾಗೇ ನಮ್ಮ ವಿಜಯಪುರದಲ್ಲಿ 1570ರಲ್ಲಿ ತಯಾರಾದ ‘ನುಜೂಮ್ ಅಲ್ ಉಲೂಮ್’ ಎಂಬ ಜ್ಯೋತಿಷ್ಯದ ಸಚಿತ್ರ ಗ್ರಂಥ ಕೂಡ ನೋಡಿ. ಅದೂ ಪಾರಸಿ ಭಾಷೆಯದೇ, ಈಗ ಡಬ್ಲಿನ್‌ನಲ್ಲಿದೆ.

ನನ್ನ ಹಾಳೆಗೆ ಫ್ರೇಮ್ ಹಾಕಿಸಲಿಲ್ಲ. ಚಾಚಾ ಮನೆಯಲ್ಲಿದೆ. ಆಗಾಗ ಟಾರ್ಚ್ ಹಿಡಿದು, ಕುದುರೆಯ ಕೆಳಗೆ ಸಿಕ್ಕಿಕೊಂಡಿರುವ ಮೂರು ಸಾಲು ಬಿಡಿಸಲು ನೋಡುತ್ತಾರೆ. ಒಂದೂವರೆ ಸಾಲು ಸಿಕ್ಕಿದೆಯಂತೆ.