ಆಟೊಮ್ಯಾಟಿಕ್ ವಾಚಿನ ತಾರೀಖನ್ನು ರಾತ್ರಿ ತಿರುಗಿಸಬಾರದು ಅನ್ನೋದು ನಿಜವೇ?

ಅಪ್ಪನ ಬೀರುವಿನಲ್ಲಿ ಸಿಕ್ಕ ಸೀಕೋ 5 ಕೈಗೆ ಕಟ್ಟಿದೊಡನೆ ಓಡತೊಡಗಿತು, ಆದರೆ ತಾರೀಖು ಮಧ್ಯಾಹ್ನ ಊಟದ ಹೊತ್ತಿಗೆ ಬದಲಾಗುತ್ತದೆ, ರಾತ್ರಿ ಮುಟ್ಟಬೇಡ ಅಂತ ಬೇರೆ ಹೆದರಿಸಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ.

ಹೆದರಿಸಿದವರು ಹೇಳಿದ್ದು ಸರಿ. ಆದರೆ ರಾತ್ರಿ ಅಂದರೆ ನಿಮ್ಮ ಮನೆಯ ರಾತ್ರಿಯಲ್ಲ, ವಾಚಿನ ಹೊಟ್ಟೆಯೊಳಗಿನ ರಾತ್ರಿ. ಮುಖದ ಮೇಲೆ ಇರೋದು 12 ಗಂಟೆ, ಒಳಗೆ ತಾರೀಖು ತಳ್ಳುವ ಚಕ್ರ ಒಂದು ಸುತ್ತು ಬರೋದು 24 ಗಂಟೆಗೆ. ನಿಮ್ಮ ವಾಚಿಗೆ ಈಗ ಮಧ್ಯಾಹ್ನವೇ ನಡುರಾತ್ರಿ. ವಾಚಿನ ಲೆಕ್ಕದಲ್ಲಿ ರಾತ್ರಿ 9ರಿಂದ ಬೆಳಗಿನ 4ರವರೆಗೆ ಕೈ ಹಾಕಬಾರದು, ಹಾಗಾಗಿ ನಿಮಗೆ ಅದು ಬೆಳಗ್ಗೆ 9ರಿಂದ ಸಂಜೆ 4ರವರೆಗೆ! ರಾತ್ರಿ 10ಕ್ಕೆ ತಿರುಗಿಸಿದ್ದರೆ ಏನೂ ಆಗುತ್ತಿರಲಿಲ್ಲ.

ನಾನು ಇದನ್ನು ಕಲಿತದ್ದು ಒಂದು ವಾಚು ಕೆಡಿಸಿಕೊಂಡ ಮೇಲೆ. ವಾರಗಟ್ಟಲೆ ಡ್ರಾಯರ್‌ನಲ್ಲಿ ನಿಂತಿದ್ದ ವಾಚು. ಬೆಳಗ್ಗೆ 10 ಗಂಟೆ, ರಾತ್ರಿ ಅಲ್ಲವಲ್ಲ ಅನ್ನೋ ಧೈರ್ಯದಲ್ಲಿ ಮುಳ್ಳುಗಳನ್ನು 10ಕ್ಕೆ ಇಟ್ಟು ತಾರೀಖನ್ನು ಗರಗರ ತಿರುಗಿಸಿದೆ. ಅದರ ಲೆಕ್ಕದಲ್ಲಿ ಅದು ರಾತ್ರಿ 10. ಮಾರನೇ ದಿನ ಕಿಟಕಿಯಲ್ಲಿ 17ರ ಅರ್ಧ, 18ರ ಅರ್ಧ. ರಿಪೇರಿಯವರು ಬಿಚ್ಚಿ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯಲ್ಲಿ ತೋರಿಸಿದರು: ರಾಗಿ ಕಾಳಿಗಿಂತ ಚಿಕ್ಕದೊಂದು ಪ್ಲಾಸ್ಟಿಕ್ ಬೆರಳು, ತುದಿಯೇ ಇಲ್ಲ. 31 ಹಲ್ಲಿನ ತಾರೀಖಿನ ಬಳೆಯನ್ನು ದಿನಕ್ಕೊಂದು ಹಲ್ಲು ಮುಂದೆ ನೂಕೋದು ಅದರ ಕೆಲಸ. ನೂಕೋಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಬೆರಳು ಹಲ್ಲಿಗೆ ಸಿಕ್ಕಿಕೊಂಡಿರುವ ಹೊತ್ತಲ್ಲೇ ನಾನು ಕೀ (ವಾಚಿನ ಪಕ್ಕದ ಗುಂಡಿ) ತಿರುಗಿಸಿ ಬಳೆಯನ್ನು ಎಳೆದಿದ್ದೆ. ಎಲ್ಲ ವಾಚೂ ಹೀಗೆ ಮುರಿಯಲ್ಲ, ಕೆಲವದರಲ್ಲಿ ಬೆರಳಿಗೆ ಸ್ಪ್ರಿಂಗ್ ಇರುತ್ತದೆ. ಅಪ್ಪನ ವಾಚಿನ ಮೇಲೆ ಪ್ರಯೋಗ ಬೇಡ.

ಹೀಗೆ ಮಾಡಿ. ಮೊದಲು ವಾಚನ್ನು ಕೈಯಿಂದ ಬಿಚ್ಚಿ. ಕಟ್ಟಿಕೊಂಡೇ ಕೀ ಎಳೆದರೆ ಓರೆಯಾಗಿ ಎಳೆದು ಒಳಗಿನ ಕಡ್ಡಿ ಬಾಗಬಹುದು. ನಿಂತಿದ್ದರೆ ಅರ್ಧ ನಿಮಿಷ ಅಕ್ಕಪಕ್ಕ ತೂಗಿ. ಹಿಂಬದಿಯಲ್ಲಿ 7ಎಸ್26 (7S26, ಒಳಗಿನ ಯಂತ್ರದ ನಂಬರು) ಅಂತ ಕೊರೆದಿದ್ದರೆ ಕೀ ಕೊಡೋ ಸೌಲಭ್ಯವೇ ಅದಕ್ಕಿಲ್ಲ, ತಿರುಗಿಸಿ ಪ್ರಯೋಜನವಿಲ್ಲ. ಈಗ ಕೀಯನ್ನು ಎರಡನೇ ಕ್ಲಿಕ್‌ವರೆಗೆ ಎಳೆದು ಮುಳ್ಳುಗಳನ್ನು ಮುಂದಕ್ಕೆ ತಿರುಗಿಸುತ್ತಾ ಹೋಗಿ. ಯಾವ 12ರ ಸುತ್ತಮುತ್ತ ತಾರೀಖು ಬದಲಾಗುತ್ತದೋ ಅದೇ ನಡುರಾತ್ರಿ. ಅಲ್ಲಿ ನಿಲ್ಲಬೇಡಿ, 6ರವರೆಗೆ ಹೋಗಿ. ವಾಚಿನೊಳಗೆ ಈಗ ಬೆಳಗಿನ ಜಾವ, ಬೆರಳು ಹಲ್ಲು ಬಿಟ್ಟು ದೂರ ಬಂದಿದೆ.

ಕೀಯನ್ನು ಒಂದು ಕ್ಲಿಕ್ ಒಳಕ್ಕೆ ತಳ್ಳಿ. ಒಂದು ಕಡೆ ತಿರುಗಿಸಿದರೆ ತಾರೀಖು, ಇನ್ನೊಂದು ಕಡೆ ವಾರ. ಎರಡನ್ನೂ ನಿನ್ನೆಯದಕ್ಕೆ ಇಡಿ, ಇವತ್ತಿನದಕ್ಕಲ್ಲ. ಮತ್ತೆ ಪೂರ್ತಿ ಎಳೆದು ಮುಳ್ಳುಗಳನ್ನು ಮುಂದಕ್ಕೇ ನಡೆಸಿ. ಇವತ್ತಿನ ತಾರೀಖು ಬಂತೆಂದರೆ ನಡುರಾತ್ರಿ ದಾಟಿತು. ಈಗ ಮಧ್ಯಾಹ್ನವಾಗಿದ್ದರೆ 12ನ್ನು ಇನ್ನೊಮ್ಮೆ ದಾಟಿಸಿ. ನಿಮಿಷದ ಮುಳ್ಳನ್ನು ಹಿಂದಿನಿಂದ ನಿಧಾನಕ್ಕೆ ಸರಿಯಾದ ಜಾಗಕ್ಕೆ ತನ್ನಿ. 7ಎಸ್26ರಲ್ಲಿ ಕೀ ಎಳೆದರೂ ಸೆಕೆಂಡ್ ಮುಳ್ಳು ನಿಲ್ಲಲ್ಲ, ಸೆಕೆಂಡಿನ ಲೆಕ್ಕ ಬಿಟ್ಟುಬಿಡಿ. ಕೊನೆಗೆ ಕೀಯನ್ನು ಪೂರ್ತಿ ಒತ್ತಿ.

ಎಳೆದರೆ ಒಂದೇ ಕ್ಲಿಕ್ ಬಂತೇ? ಹಾಗಾದರೆ ನಿಮ್ಮದು ಇನ್ನೂ ಹಳೆಯದಿರಬಹುದು. 6119 ನಂಬರಿನ ಯಂತ್ರವಿರುವ ಥರದ ಸೀಕೋಗಳಲ್ಲಿ ತಾರೀಖು, ವಾರ ಬದಲಾಯಿಸೋಕೆ ಕೀಯನ್ನು ಎಳೆಯೋದಲ್ಲ, ಒಳಕ್ಕೆ ಒತ್ತೋದು: ಅರ್ಧ ಒತ್ತಿದರೆ ತಾರೀಖು, ಪೂರ್ತಿ ಒತ್ತಿದರೆ ವಾರ ಜಿಗಿಯುತ್ತದೆ. ಒತ್ತೋ ಮೊದಲು ಮುಳ್ಳನ್ನು ಬೆಳಗಿನ 6ಕ್ಕೆ ತರುವ ನಿಯಮ ಮಾತ್ರ ಅದೇ. (ನಮ್ಮಪ್ಪನದು ಬೆಂಗಳೂರಿನ ಎಚ್‌ಎಂಟಿ ಜನತಾ, ಅದಕ್ಕೆ ತಾರೀಖೇ ಇಲ್ಲ. ಬೆಳಗ್ಗೆ ಕಾಫಿ ಹೊತ್ತಿಗೆ ಕೀ ಕೊಟ್ಟರೆ ಮುಗೀತು, ಈ ತಾಪತ್ರಯ ಯಾವುದೂ ಅವರಿಗೆ ಗೊತ್ತಿರಲಿಲ್ಲ.)

30 ದಿನದ ತಿಂಗಳು ಮುಗಿದಾಗಲೂ, ಫೆಬ್ರವರಿ ಕಳೆದಾಗಲೂ, ಅಂದರೆ ವರ್ಷಕ್ಕೆ ಐದು ಸಲ, ತಾರೀಖು ನೀವೇ ಸರಿ ಮಾಡಬೇಕು. ಒಂದನೇ ತಾರೀಖು ತಿಂಡಿ ಆದ ಮೇಲೆ, 6 ಮತ್ತು 9ರ ನಡುವೆ ಮಾಡಿ. ಹಗಲು-ರಾತ್ರಿ ಒಮ್ಮೆ ಸರಿಹೋದ ವಾಚಿಗೆ ಅದು ಒಳ್ಳೇ ಹೊತ್ತು.

ಇನ್ನೊಂದು. ರಾತ್ರಿ 1 ಗಂಟೆಗೆ ಎಚ್ಚರವಾಗಿ ನೋಡಿದಾಗ ವಾರದ ಜಾಗದಲ್ಲಿ ಇಂಗ್ಲಿಷ್ ಬದಲು ಬೇರೆ ಯಾವುದೋ ಭಾಷೆ ಕಂಡರೆ ಕೆಟ್ಟುಹೋಯಿತು ಅಂತ ಕೀಗೆ ಕೈ ಹಾಕಬೇಡಿ. ವಾರದ ಬಿಲ್ಲೆಯಲ್ಲಿ ಎರಡು ಭಾಷೆ ಒಂದರ ಪಕ್ಕ ಒಂದಿವೆ, ಬಿಲ್ಲೆ ರಾತ್ರಿಗೆ ಎರಡು ಮನೆ ಸರಿಯಬೇಕು. ಬೆಳಗಿನ 4ರ ಹೊತ್ತಿಗೆ ಇಂಗ್ಲಿಷ್‌ಗೆ ಬಂದಿರುತ್ತದೆ.